ಕ್ರೈಸ್ತ ನಂಬಿಕೆಯೂ ಹೊಸ ಅವಕಾಶಗಳೂ

ನಮ್ಮ ಭಾಷೆಯಲ್ಲಿ ‘ಅವಕಾಶವಾದಿ’ ಎಂಬುದು ಬೈಗುಳದ ಮಾತು. ಸಮಯ ನೋಡಿಕೊಂಡು ತನ್ನ ಲಾಭವನ್ನು ಸಾಧಿಸಿಕೊಳ್ಳುವವನಿಗೆ ಜನರು ಈ ಹೆಸರನ್ನು ಕೊಡುತ್ತಾರೆ. ಆದುದರಿಂದ ಭಕ್ತಿಯನ್ನೂ ಅವಕಾಶವನ್ನೂ ಜೊತೆಗೂಡಿಸಿ ಮಾತನಾಡಿದರೆ ಕೆಲವು ಹಿರಿಯರಿಗೆ ಸರಿತೋರದಿರುವುದು ಸಹಜವೇ. ದೇವಭಯವುಳ್ಳವರು ಇದ್ದುದರಲ್ಲಿ ತೃಪ್ತರಾಗಿರಬೇಕು, ಹೊಸದನ್ನು ಅರಸಿ ಹೋಗುವುದು ಲೋಕದಾಶೆ ಎಂಬುದು ಅವರ ಎಣಿಕೆ. ಇವರಿಗೆ ಎದುರಾಗಿ, ಪ್ರಾರ್ಥಿಸಿ ಸುಮ್ಮನೆ ಕುಳಿತರೆ ಉದ್ಯೋಗ, ಹಣ, ಮಗಳಿಗೆ ಒಳ್ಳೆಯ ವರ ಎಲ್ಲವೂ ತಾವಾಗಿಯೇ ಮನೆಬಾಗಿಲಿಗೆ ಬರುವವೆಂದು ಬೋಧಿಸುವವರೂ ಈಚೆಗೆ ಹೆಚ್ಚಿದ್ದಾರೆ. ಈ ಎರಡು ಅಭಿಪ್ರಾಯಗಳಲ್ಲಿ ಒಂದನ್ನೂ ನಾನು ಒಪ್ಪಲಾರೆನು. ನಂಬಿಕೆಯು ನಮಗೆ ಅವಕಾಶಗಳನ್ನು ತಂದೊಪ್ಪಿಸುವುದಿಲ್ಲ. ಯಾರ ಬಾಳು ಮುಗಿಯಿತೆಂದು ಲೋಕವು ತೀರ್ಮಾನಿಸಿದೆಯೋ ಅವರ ಬಾಳು ಮುಗಿದಿಲ್ಲವೆಂದು ಕಾಣುವಂತೆ ಅದು ನಮ್ಮ ಕಣ್ಣುಗಳನ್ನು ತೆರೆಯಿಸುತ್ತದೆ. ಹಾಗೆ ಕಂಡವರಿಗೆ ಮಾಡಬೇಕಾದ ಕೆಲಸವು ಎದುರಿಗೇ ತೋರುತ್ತದೆ. ಇದನ್ನು ಒಬ್ಬ ಸ್ತ್ರೀಯ ಚರಿತ್ರೆಯಿಂದ ವಿವರಿಸಲು ಅಪ್ಪಣೆಯಾಗಲಿ.

ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಒಂದಾಗಿ, ನಮ್ಮ ಹರಿಹರದ ಮಗ್ಗುಲಲ್ಲಿ ತುಂಗಭದ್ರೆಯೆನಿಸಿಕೊಂಡು ಹರಿಯುತ್ತವೆಂಬುದನ್ನು ನಮ್ಮ ಬಾಲಿಕೆಯರು ಭೂಗೋಳದ ಪಾಠದಲ್ಲಿ ಒಪ್ಪಿಸುತ್ತಾರೆ. ಅದೇ ಗಂಗಾಮೂಲದ ಕಾಡಿನ ಆಶ್ರಮದಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಪಂಡಿತೆ ರಮಾಬಾಯಿಯವರು ಹುಟ್ಟಿದರೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಅವರು ಪುಣೆಯವರೆಂದೂ ಮಹಾರಾಷ್ಟ್ರಕ್ಕೆ ಸೇರಿದವರೆಂದೂ ನಾವು ಬಿಟ್ಟುಕೊಟ್ಟಿದ್ದೇವೆ.

ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ನಿಷ್ಠಾವಂತರಾದ ಬ್ರಾಹ್ಮಣ ವಿದ್ವಾಂಸರು. ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಅವರು ಸ್ವಜನರ ಆಕ್ಷೇಪಣೆಗೆ ಗುರಿಯಾದರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಪ್ರಮಾಣಗಳೊಂದಿಗೆ ಸಮರ್ಥಿಸಬೇಕಾಯಿತು. ಈ ಸಂಗತಿಯನ್ನು ನಾನು ಬೇಕೆಂದೇ ಮೊದಲು ಹೇಳುತ್ತಿದ್ದೇನೆ. ಹೆಣ್ಣುಮಕ್ಕಳ ವಿದ್ಯೆಯು ಮಿಷನರಿಗಳೊಂದಿಗೇ ಈ ದೇಶಕ್ಕೆ ಬಂದಿತೆಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರು ಅನಂತಶಾಸ್ತ್ರಿಗಳನ್ನು ಮರೆಯಬಾರದು. ತಾಯಿಯು ಕಲಿತುದನ್ನು ಮಗಳಿಗೆ ಕಲಿಸಿದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಲೆಗೆ ಬಾಯಿಪಾಠವಾದವು.

೧೮೭೪ರ ಸುಮಾರಿನ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಕೆಲವು ತಿಂಗಳುಗಳ ಅಂತರದಲ್ಲಿ ತೀರಿಹೋದರು. ರಮಾಬಾಯಿಯವರೂ ಅಣ್ಣ ಶ್ರೀನಿವಾಸನೂ ಹಸಿವಿನೊಡನೆ ಕಾಲ್ನಡಿಗೆಯಲ್ಲಿ ದೇಶವನ್ನೆಲ್ಲಾ ಸುತ್ತಿ, ೧೮೭೮ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಆಶ್ಚರ್ಯಪಟ್ಟು ‘ಪಂಡಿತೆ’ ಎಂದೂ ‘ಸರಸ್ವತಿ’ ಎಂದೂ ಬಿರುದುಗಳನ್ನು ಕೊಟ್ಟರು. (ನಮ್ಮ ಸರಸ್ವತಿ ನಗರದ ನಿವಾಸಿಗಳಿಗೆ ಇದನ್ನು ಕೇಳಿ ಸಂತೋಷವಾದೀತು.) ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲರೊಬ್ಬರೊಡನೆ ವಿವಾಹವಾಯಿತು. ಎರಡು ವರ್ಷಗಳೊಳಗೆ ಅವರೂ ಗತಿಸಲಾಗಿ, ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ಮನೋರಮೆಯೆಂಬ ಹಸುಗೂಸಿನೊಡನೆ ವಿಧವೆಯಾದರು.

ಇಲ್ಲಿಯ ವರೆಗೆ ಅವರು ಕ್ರೈಸ್ತರಲ್ಲ. ಆದರೂ ೧೮೮೨ರಲ್ಲಿ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷಿ ನುಡಿದು, ಉಪಾಧ್ಯಾಯಿನಿಯರನ್ನು ತರಬೇತು ಮಾಡಬೇಕೆಂದೂ ಸ್ತ್ರೀಯರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂದೂ ಕೇಳಿದವರು ಅವರೇ. ಧೈರ್ಯವೂ ಪಾಂಡಿತ್ಯವೂ ಮೊದಲೇ ಇದ್ದವು. ಹಾಗಾದರೆ ಕ್ರೈಸ್ತ ನಂಬಿಕೆಯು ಅವರಿಗೆ ಹೊಸದಾಗಿ ಕೊಟ್ಟುದೇನು ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು.

೧೮೮೩ರಲ್ಲಿ ಅವರು ಇಂಗ್ಲೆಂಡಿಗೆ ಹೋದದ್ದು ವೈದ್ಯವಿದ್ಯೆಯನ್ನು ಕಲಿಯುವ ಉದ್ದೇಶದಿಂದ. ಆದರೆ ಕಿವಿ ಮಂದವಾಗುತ್ತ ಬಂದುದರಿಂದ ಅದು ಕೈಗೂಡಲಿಲ್ಲ. ಸಮುದ್ರವನ್ನು ದಾಟಿ ಬಂದ ಕೆಲಸವೇ ಕೆಟ್ಟಿತು. ಆಗ ಅವರು ವಾಂಟೇಜ್ ಎಂಬ ಊರಿನ ಸನ್ಯಾಸಿನಿಯರ ಮಠದಲ್ಲಿದ್ದರು. ಆ ಸನ್ಯಾಸಿನಿಯರು ಲಂಡನಿನ ಫುಲ್ಹಾಮ್ ಎಂಬಲ್ಲಿ, ನಡತೆ ಕೆಟ್ಟವರೆಂದು ಜನರು ತಳ್ಳಿಬಿಟ್ಟಿದ್ದ ಹೆಂಗಸರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ರಮಾಬಾಯಿಯವರು ಅಲ್ಲಿಗೆ ಹೋಗಿ ನೋಡಿದರು. ಅಂಥ ಹೆಂಗಸರನ್ನು ಹತ್ತಿರಕ್ಕೆ ಕರೆದು, ಊಟವಿಕ್ಕಿ, ಕೆಲಸ ಕಲಿಸಿ, ಮತ್ತೆ ಮಾನವಾಗಿ ಬಾಳುವಂತೆ ಮಾಡುವುದನ್ನು ಅವರು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ. ಇವರ ಮೇಲೆ ನಿಮಗೇಕೆ ಇಷ್ಟು ಅಕ್ಕರೆಯೆಂದು ಕೇಳಲು, ಸನ್ಯಾಸಿನಿಯೊಬ್ಬರು ಯೇಸುಸ್ವಾಮಿಯು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ವೃತ್ತಾಂತವನ್ನು ಓದಿ ತಿಳಿಸಿದರು. ಐದು ಗಂಡಂದಿರನ್ನು ಕಂಡ, ಊರವರ ಕಣ್ಣು ತಪ್ಪಿಸಿ ನಡುಹಗಲಲ್ಲಿ ನೀರಿಗೆ ಬಂದ ಒಬ್ಬ ಹೆಂಗಸು. ಆಕೆಯೊಡನೆ ಕರ್ತನು ದೇವಾರಾಧನೆಯಂಥ ಗಹನವಾದ ವಿಷಯವನ್ನು ಮಾತನಾಡಿದನು. ಆಕೆಯೇ ಊರಿಗೆ ಹೋಗಿ ಸುದ್ದಿಯನ್ನು ಸಾರಿದವಳು. ಈ ವೃತ್ತಾಂತವು ತಮ್ಮ ಮನಸ್ಸಿಗೆ ನಾಟಿತೆಂದು ರಮಾಬಾಯಿಯವರು ಮುಂದೆ ತಮ್ಮ ಸಾಕ್ಷ್ಯವನ್ನು ಬರೆದಾಗ ಹೇಳಿದ್ದಾರೆ. ೧೮೮೩ರ ಸೆಪ್ಟೆಂಬರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದರು.

ಅನಂತಶಾಸ್ತ್ರಿಗಳ ಮನೆಯಲ್ಲಿ ವಿದ್ಯೆಯು ಯೋಗ್ಯಳಾದ ಪತ್ನಿಗೆ, ಬುದ್ಧಿವಂತೆಯಾದ ಮಗಳಿಗೆ ದೊರೆತಿತ್ತು. ಫುಲ್ಹಾಮಿನಲ್ಲಿ ಕಂಡದ್ದು ಬೇರೆ. ಅಲ್ಲಿ ಯೋಗ್ಯತೆಯ ಪ್ರಶ್ನೆಯನ್ನೇ ಕೇಳಲಿಲ್ಲ. ಇದೇ ಅವರಿಗೆ ದೊರೆತ ಹೊಸ ದೃಷ್ಟಿ ಎಂದು ನನ್ನ ಅಭಿಪ್ರಾಯ. ತಮಗೆ ವೈದ್ಯಳಾಗುವ ಅವಕಾಶ ತಪ್ಪಿತೆಂದು ಕೊರಗುತ್ತ ಕೂಡುವುದಕ್ಕೆ ಬದಲಾಗಿ, ತಲೆಬೋಳಿಸಿ ಮೂಲೆಗೆ ಕೂಡಿಸಿದ ಬಾಲವಿಧವೆಯರ ಕಡೆಗೆ ಅವರು ತಿರುಗಿದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ ತಾವೂ ಕಲಿತರು. ೧೮೮೬ರಲ್ಲಿ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಪಡೆಯುವುದನ್ನು ನೋಡಲೆಂದು ಅಮೇರಿಕಕ್ಕೆ ಹೋದವರು, ಅಲ್ಲಿಯೇ ನಿಂತು ಶಿಶುವಿಹಾರದ ಬೋಧನಾಕ್ರಮವನ್ನು ಅಭ್ಯಾಸ ಮಾಡಿದರು, ಊರೂರಿಗೆ ಹೋಗಿ ಉಪನ್ಯಾಸ ಮಾಡಿ ಹಣ ಕೂಡಿಸಿದರು. ೧೮೮೯ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ತೆರೆದರು. ಹೆಸರನ್ನು ಗಮನಿಸಿರಿ. ಕ್ರೈಸ್ತಳಾದ ಮೇಲೆಯೂ ಅವರು ತಮ್ಮ ಶಾಲೆಗೆ ಶಾರದೆಯ ಹೆಸರನ್ನಿಟ್ಟರು.

ಆ ಸದನಕ್ಕೆ ಸೇರಿದ ಮೊದಲನೆಯ ವಿಧವೆ ಗೋದೂಬಾಯಿ ಎಂಬವರು. ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ಇವರನ್ನು ವಿವಾಹವಾದರು. ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಕರ್ವೆಯವರು ಇವರೇ. ಗೋದೂಬಾಯಿಯವರು ಕ್ರೈಸ್ತಮತವನ್ನು ಸೇರಲಿಲ್ಲ. ಸೇರಬೇಕಾಗಿಯೂ ಇರಲಿಲ್ಲ.

ಚರಿತ್ರೆಯ ಕಹಿಯಾದ ಭಾಗವನ್ನು ಮುಚ್ಚಿಡುವುದು ಸರಿಯಲ್ಲ. ಸದನವು ಪುಣೆಗೆ ಹೋದ ಮೇಲೆ ಕೆಲವು ಬಾಲಿಕೆಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂಡತೊಡಗಿದರು. ೧೮೯೩ರಲ್ಲಿ ದೊಡ್ಡ ಗದ್ದಲವೆದ್ದಿತು. ಸಲಹಾಸಮಿತಿಯ ಗಣ್ಯರು ರಾಜೀನಾಮೆಯಿತ್ತರು. ಅನೇಕ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಅಸಮಾಧಾನವನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮತದ ವಿಷಯದಲ್ಲಿ ಕೈಹಾಕುವುದಿಲ್ಲವೆಂಬ ಮಾತಿನ ಮೇಲೆಯೇ ಅವರು ಮಕ್ಕಳನ್ನು ಒಪ್ಪಿಸಿದ್ದರು. ಹಿಂದೂ ಮುಸಲ್ಮಾನ ಮನೆಗಳ ಮಕ್ಕಳನ್ನು ನಂಬಿಕೆಯಿಂದ ಸ್ವೀಕರಿಸುವ ನಮ್ಮಂಥ ಶಾಲೆಗಳವರು ಈ ಪ್ರಸಂಗವನ್ನು ಮನಸ್ಸಿನಲ್ಲಿಡತಕ್ಕದ್ದು.

ಇನ್ನು ಸಭೆಯ ಹಿರಿಯರಾದರೂ ಅವರಿಗೆ ಎಲ್ಲ ದಾರಿಗಳನ್ನೂ ಬಿಟ್ಟುಕೊಟ್ಟರೇ? ಇಲ್ಲ. ಇಂಗ್ಲೆಂಡಿನಲ್ಲಿ ಆಕೆ ಗಂಡಸರಿಗೆ ಪಾಠ ಹೇಳುವ ಪ್ರಸ್ತಾಪ ಬಂದಾಗ ಆಕ್ಷೇಪಿಸಿದವರು ಬಿಷಪರುಗಳೇ. ಮನಸ್ಸಾಕ್ಷಿಯ ವಿಷಯದಲ್ಲಿ ಬೇರೆಯವರ ಅಪ್ಪಣೆಗೆ ಕಾಯಲಾರೆನೆಂದು ರಮಾಬಾಯಿಯವರು ದಿಟ್ಟವಾಗಿ ಉತ್ತರ ಬರೆದರು. ಕ್ರೈಸ್ತ ನಂಬಿಕೆಯೆಂದರೆ ಕ್ರೈಸ್ತ ಹಿರಿಯರ ವಾಡಿಕೆಯೆಂದು ತಿಳಿಯುವವರಿಗೆ ಈ ಪತ್ರಗಳು ಒಳ್ಳೆಯ ಔಷಧ.

೧೮೯೬–೯೭ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂದಿತು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು ಅದನ್ನು ಕೇಳಿ ಸುಮ್ಮನಿರುವುದು ಹೇಗೆ? ತಾವೇ ಹೋಗಿ ನೂರಾರು ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾವಿಯಲ್ಲಿ ‘ಮುಕ್ತಿ’ ಎಂಬ ಆಶ್ರಮವು ಬೆಳೆಯಿತು. ೧೯೦೦ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿ ಸಾವಿರಕ್ಕೂ ಮೀರಿದ ಜನರಿದ್ದರು. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ತೋಟಗಾರಿಕೆ, ಹೈನುಗಾರಿಕೆ, ಮುದ್ರಣ ಇವೆಲ್ಲವನ್ನೂ ಹೆಂಗಸರೇ ನಡೆಸಿದರು. ರಮಾಬಾಯಿಯವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸುಲಭವಾದ ಮರಾಠಿಗೆ ಭಾಷಾಂತರಿಸಿದರು. ಆ ಗ್ರಂಥಕ್ಕೆ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಕ್ಷಾಮದಲ್ಲಿ ಬದುಕಿ ಉಳಿದಿದ್ದ ಆ ಬಾಲಿಕೆಯರೇ. ೧೯೧೨ರಲ್ಲಿ ಮಗಳು ಮನೋರಮೆಯ ಸಹಾಯದಿಂದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ತೆರೆದರು. ಹೀಗೆ ಕನ್ನಡನಾಡಿನ ಋಣವೂ ಸಂದಿತು. ೧೯೨೨ರ ಏಪ್ರಿಲ್ ೫ರಂದು ಅವರು ತೀರಿಕೊಂಡರು.

ನಮ್ಮ ಕನ್ನಡ ಸಭೆಗಳ ಚರಿತ್ರೆಯಲ್ಲಿಯೂ ಇಂಥ ಸಂಗತಿಗಳು ಇಲ್ಲದಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರ ಬೋಧೆಯನ್ನು ಕೇಳಿ ಕ್ರೈಸ್ತರಾದ ಬಡವರು ಜಾತಿಯ ಬಳಗವನ್ನೂ ಜಾತಿಯ ಕಸುಬನ್ನೂ ಒಟ್ಟಿಗೇ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ಅಚ್ಚುಕೂಟ, ನೇಯ್ಗೆಯ ಶಾಲೆ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ಹುಟ್ಟಿದವು. ‘ಮಂಗಳೂರು ಹೆಂಚು’ ಇಂದು ದೇಶಕ್ಕೆಲ್ಲಾ ಗೊತ್ತು. ಅದು ಕೈಬಿಟ್ಟುಹೋದ ಕಸುಬಿನ ಜಾಗದಲ್ಲಿ ಬಂದುದೆಂಬುದನ್ನು ನೆನೆಯುವವರು ಕಡಿಮೆ.

ಈಗ ನಮ್ಮ ಊರಿನ ಮಾತು. ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರುಗೊಂಡ ಪಟ್ಟಣ. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೂರದೂರದ ಊರುಗಳಿಗೆ ಹೋಗುತ್ತಿದ್ದವು. ಆ ಗಿರಣಿಗಳೂ ಆ ಕಾರ್ಖಾನೆಯೂ ಮುಚ್ಚಿದುವು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಅಲ್ಲಿ ದುಡಿದವರ ಮೊಮ್ಮಕ್ಕಳು. ಕೆಲಸ ಹೋದ ಮನೆಯಲ್ಲಿ ಯಜಮಾನನು ತನ್ನ ಕಾಲ ಮುಗಿಯಿತೆಂದು ತಿಳಿಯುತ್ತಾನೆ. ಆ ತಿಳಿವಳಿಕೆಯು ಮಕ್ಕಳಿಗೂ ಅಂಟುತ್ತದೆ. “ನಮ್ಮ ಪಾಡು ಇಷ್ಟೇ, ಅಮ್ಮಾವರೇ” ಎಂಬ ಮಾತನ್ನು ನಾನು ಎಷ್ಟು ತಾಯಂದಿರ ಬಾಯಿಂದ ಕೇಳಿರುವೆನೋ ಲೆಕ್ಕವಿಲ್ಲ. ಹತ್ತನೆಯ ತರಗತಿಯಲ್ಲಿ ಮಗಳು ಗಣಿತದಲ್ಲಿ ನಪಾಸಾದರೆ ಈ ಮಾತು ಮೊದಲು ಬರುತ್ತದೆ. ಅದರ ಹಿಂದೆಯೇ ಮದುವೆಯ ಮಾತು ಬರುತ್ತದೆ.

ಕ್ರೈಸ್ತ ಕುಟುಂಬಗಳಲ್ಲಿ ಇನ್ನೊಂದು ತೊಡಕುಂಟು. ನಮ್ಮ ಅಜ್ಜಿಯರು ಉಪಾಧ್ಯಾಯಿನಿಯರೂ ದಾದಿಯರೂ ಆಗಿ ಹೊರಟಾಗ ಅದು ಊರು ಬೆರಗಾಗುವ ಸಾಹಸವಾಗಿತ್ತು. ನಾನೂ ಮಿಷನ್ ಶಾಲೆಯಲ್ಲಿ ಓದಿ ಆ ದಾರಿಯಲ್ಲೇ ಬಂದವಳು; ಆ ವೃತ್ತಿಗಳ ಮೇಲೆ ನನಗೆ ಗೌರವ ಕಡಿಮೆಯಿಲ್ಲ. ಆದರೆ ಮಗಳು ಯಂತ್ರಗಳ ಕೆಲಸ ಕಲಿಯುತ್ತೇನೆಂದರೆ, ಕಾನೂನು ಓದುತ್ತೇನೆಂದರೆ, ಸ್ವಂತ ಅಂಗಡಿ ಇಡುತ್ತೇನೆಂದರೆ, ‘ನಮ್ಮವರಲ್ಲಿ ವಾಡಿಕೆಯಿಲ್ಲ’ ಎಂದು ತಡೆಯುವ ತಂದೆತಾಯಿಗಳು ಅಜ್ಜಿಯರ ಹೆಜ್ಜೆಯಲ್ಲಿ ನಡೆಯುತ್ತಿಲ್ಲ. ಅಜ್ಜಿಯರನ್ನು ತಡೆದವರು ಹೇಳಿದ್ದೂ ಇದೇ ಮಾತಲ್ಲವೇ? ಮುಕ್ತಿಯ ಬಾಲಿಕೆಯರು ನೂರಿಪ್ಪತ್ತು ವರ್ಷಗಳ ಹಿಂದೆ ಅಚ್ಚಿನ ಯಂತ್ರವನ್ನು ನಡೆಸಿದ್ದರು.

ನಪಾಸಾದವಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಚಿಂತೆಯೆಲ್ಲಾ ಅವಳ ಮೇಲೆಯೇ. ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾದವಳಿಗೆ ಕಾಲೇಜುಗಳು ತಾವೇ ಕರೆಯೋಲೆ ಕಳುಹಿಸುತ್ತವೆ. ಆಕೆಗಾಗಿ ನಂಬಿಕೆಯ ಶಾಲೆಯೊಂದು ಬೇಕಾಗಿಯೇ ಇಲ್ಲ. ಮೂವತ್ತು ಅಂಕ ಪಡೆದವಳೊಳಗೆ ಏನಿದೆಯೆಂದು ತಾಳ್ಮೆಯಿಂದ ನೋಡುವವರು ಬೇಕು. ಬಾವಿಯ ಬಳಿಯ ಮಾತುಕತೆಯನ್ನು ಬೆಳಗಿನ ಪ್ರಾರ್ಥನೆಯಲ್ಲಿ ಓದಿ, ಮಧ್ಯಾಹ್ನ ಫಲಿತಾಂಶದ ಶೇಕಡಾವಾರು ಕೆಡುವುದೆಂದು ದಡ್ಡ ಹುಡುಗಿಯನ್ನು ಒಂಬತ್ತನೆಯ ತರಗತಿಯಲ್ಲೇ ಬೇರೆಡೆಗೆ ಸಾಗಹಾಕುವ ಶಾಲೆಯು ಎಷ್ಟು ಶಿಲುಬೆಗಳನ್ನು ಗೋಡೆಗೆ ತೂಗುಹಾಕಿದರೂ ಕ್ರೈಸ್ತ ಶಾಲೆಯಾಗಲಾರದು. ಈ ಮಾತು ಕೆಲವರಿಗೆ ಹಿಡಿಸದಿರಬಹುದು.

ಈಗ ಅದೇ ವರ್ಷದೊಳಗೆ ಮತ್ತೆ ಪರೀಕ್ಷೆಗೆ ಕೂಡುವ ಅನುಕೂಲವಿದೆ. ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಹುಡುಗಿಯರೂ ಸೇರಬಹುದು. ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೇ. ಫಲಿತಾಂಶ ಪ್ರಕಟವಾದ ವಾರದಲ್ಲಿ, ನೆಂಟರಿಗೆ ಹೇಳಿ ಕಳುಹಿಸುವ ಮೊದಲು, ಒಮ್ಮೆ ಶಾಲೆಗೆ ಬನ್ನಿರಿ. ಬೇಸಿಗೆಯ ರಜೆಯಾದರೂ ಕಚೇರಿ ತೆರೆದಿರುತ್ತದೆ. ಗಣಿತದ ಉಪಾಧ್ಯಾಯಿನಿಯರೂ ಬರಲೊಪ್ಪಿದ್ದಾರೆ. ಬರುವಾಗ ಮಗಳನ್ನೂ ಕರೆತನ್ನಿರಿ. ಅವಳಿಲ್ಲದಾಗ ಅವಳ ವಿಷಯವನ್ನು ನಾನು ಯಾರೊಡನೆಯೂ ಗೊತ್ತುಮಾಡುವುದಿಲ್ಲ.