ಮಗಳು ಕೆಮಿಸ್ಟ್ರಿ ಓದುತ್ತೇನೆ ಎಂದರೆ

ಹಾಲು ಉತ್ಪಾದಕ ಸಹೋದರಿಯರೇ,

ಪಿಯುಸಿ ಫಲಿತಾಂಶ ಬಂದ ಮೇಲೆ ಹಸು ನೋಡಲು ಹೋದ ಮನೆಗಳಲ್ಲಿ ನನಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. “ಡಾಕ್ಟ್ರೇ, ಮಗಳಿಗೆ ಕೆಮಿಸ್ಟ್ರಿ ಅಂದ್ರೆ ಇಷ್ಟ. ಬಿ.ಎಸ್ಸಿ.ಗೆ ಸೇರಿಸಿದ್ರೆ ಕೆಲಸ ಸಿಗುತ್ತಾ?” ಕೇಳಲೇಬೇಕಾದ ಪ್ರಶ್ನೆ. ಮೂರು ವರ್ಷದ ಫೀಸು, ಹಾಸ್ಟೆಲ್, ಪುಸ್ತಕದ ಖರ್ಚು ಬರುವುದು ನಿಮ್ಮ ಹಾಲಿನ ಬಟವಾಡೆಯಿಂದ.

ನನ್ನ ಅಭಿಪ್ರಾಯ ಇಷ್ಟು: ಇಷ್ಟವಿದ್ದರೆ ಓದಿಸಿ. ಆದರೆ ಬಿ.ಎಸ್ಸಿ. ಮೊದಲ ಮೆಟ್ಟಿಲು ಮಾತ್ರ. ಎರಡನೇ ಮೆಟ್ಟಿಲು ಯಾವುದು ಎಂದು ಸೇರಿಸುವ ಮೊದಲೇ ಮಾತಾಡಿಕೊಳ್ಳಿ.

ರಸಾಯನಶಾಸ್ತ್ರ ನಮಗೆ ದೂರದ ವಿದ್ಯೆಯಲ್ಲ. ಹಾಲಿನ ಕೊಬ್ಬಿನಂಶ ಅಳೆಯುವ ಗರ್ಬರ್ ಪರೀಕ್ಷೆಯನ್ನೇ ನೋಡಿ. 10.75 ಮಿ.ಲೀ. ಹಾಲಿಗೆ 10 ಮಿ.ಲೀ. ಗಂಧಕಾಮ್ಲ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಬೇರೆಯಾಗಿ ಮೇಲೆ ನಿಲ್ಲುತ್ತದೆ. ಹಾಲಿಗೆ ಪಿಷ್ಟ ಬೆರೆತಿದ್ದರೆ ಅಯೋಡಿನ್ ಹಾಕಿದಾಗ ನೀಲಿ ಬಣ್ಣ ಬರುತ್ತದೆ. ಕರು ಹಾಕಿದ ಹಸು ಹಾಲುಜ್ವರದಿಂದ ನೆಲ ಹಿಡಿದಾಗ ನಾನು ರಕ್ತನಾಳಕ್ಕೆ ಕೊಡುವುದು ಕ್ಯಾಲ್ಸಿಯಂ. ನಿಮ್ಮ ಹಾಲಿನ ದರ ನಿಂತಿರುವುದೂ ಈ ವಿದ್ಯೆಯ ಮೇಲೆಯೇ.

ಹಾಲು ಪರೀಕ್ಷೆಗೂ ಹೆಣ್ಣುಮಕ್ಕಳಿಗೂ ಹಳೆಯ ನಂಟಿದೆ. ಕಮಲಾ ಸೊಹೋನಿ 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣುಮಗಳೆಂಬ ಕಾರಣಕ್ಕೆ ಮೊದಲು ಸೀಟು ಕೊಡಲಿಲ್ಲ. ಪಟ್ಟು ಹಿಡಿದು ಷರತ್ತಿನ ಮೇಲೆ ಸೇರಿದ ಅವರು ಅಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಮುಂಬಯಿಯ ಆರೇ ಹಾಲು ಯೋಜನೆಗೂ ಸಲಹೆ ನೀಡಿದರು. ಅವರೂ ಬಿ.ಎಸ್ಸಿ.ಗೇ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ.

ಈಗ ಕೆಲಸದ ಮಾತು. ಬರೀ ಬಿ.ಎಸ್ಸಿ. ಮಾಡಿದವರಿಗೆ ಔಷಧಿ, ಬಣ್ಣ, ಆಹಾರ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ ಕೆಲಸ ಸಿಗುತ್ತದೆ. ಆದರೆ ಆರಂಭದ ಸಂಬಳ ಸಣ್ಣದು, ಪಾಳಿ ಕೆಲಸ, ಊರು ಬಿಡಬೇಕು. ಹಾಲು ಒಕ್ಕೂಟಗಳಲ್ಲೂ ಕೆಮಿಸ್ಟ್ ಹುದ್ದೆಗಳಿವೆ. ಹುದ್ದೆ ಕೆಲವು, ಅರ್ಜಿ ಬಹಳ. ಹೈಸ್ಕೂಲ್ ಶಿಕ್ಷಕಿಯಾಗಲು ಬಿ.ಇಡಿ. ಬೇಕು, ಸರ್ಕಾರಿ ಶಾಲೆಗೆ ಅದರ ಮೇಲೆ ನೇಮಕಾತಿ ಪರೀಕ್ಷೆಯೂ ಇದೆ. ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಎಂ.ಎಸ್ಸಿ. ಬೇಕು. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಡೇರಿ ತಂತ್ರಜ್ಞಾನ, ಪಶುವೈದ್ಯಕೀಯ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮುಂತಾದವುಗಳಲ್ಲಿ ಪದವಿ ಸಾಕು, ರಸಾಯನಶಾಸ್ತ್ರವಾದರೆ ಎಂ.ಎಸ್ಸಿ. ಆಗಿರಬೇಕು. ಸೇರುವಾಗಲೇ ಇದು ಗೊತ್ತಿದ್ದರೆ ಮೂರು ವರ್ಷ ಕಳೆದ ಮೇಲೆ ಪೇಚಾಡುವುದು ತಪ್ಪುತ್ತದೆ.

ಹಸು ಕೊಳ್ಳುವಾಗ ನೀವು ದಲ್ಲಾಳಿಯ ಮಾತು ನಂಬುವುದಿಲ್ಲ. ಎರಡು ಹೊತ್ತು ಹಾಲು ಕರೆದು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ಹಲ್ಲು ಎಣಿಸುತ್ತೀರಿ. ಕಾಲೇಜನ್ನೂ ಹಾಗೆಯೇ ನೋಡಿ. ಮಗಳ ಜೊತೆ ನೀವೇ ಹೋಗಿ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಗ್ಯಾಸ್, ನೀರು ಬರುತ್ತಿದೆಯೇ? ಪ್ರತಿ ಹುಡುಗಿಯೂ ತನ್ನ ಕೈಯಿಂದಲೇ ಪ್ರಯೋಗ ಮಾಡುತ್ತಾಳೋ, ನಾಲ್ಕೈದು ಜನ ನಿಂತು ನೋಡಿ ರೆಕಾರ್ಡ್ ಬರೆಯುತ್ತಾರೋ? ಕಾಯಂ ಉಪನ್ಯಾಸಕರು ಎಷ್ಟು ಮಂದಿ? ಹೋದ ವರ್ಷ ಮುಗಿಸಿದ ಹುಡುಗಿಯರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಆಫೀಸಿನಲ್ಲಿ ಸಿಗದಿದ್ದರೆ ಆ ಹುಡುಗಿಯರನ್ನೇ ಕೇಳಿ. ಕೈಯಲ್ಲಿ ಪಿಪೆಟ್ ಹಿಡಿದು ಅಭ್ಯಾಸವಿಲ್ಲದವಳು ಕಾರ್ಖಾನೆಯ ಸಂದರ್ಶನದಲ್ಲಿ ಹಿಂದೆ ಬೀಳುತ್ತಾಳೆ, ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ.

ವಿಷಯಗಳ ಜೋಡಣೆಯೂ ಮುಖ್ಯ. ರಸಾಯನಶಾಸ್ತ್ರದ ಜೊತೆ ಸೂಕ್ಷ್ಮಜೀವಿಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರ ಇದ್ದರೆ ಆಹಾರ ಮತ್ತು ಔಷಧಿ ಕ್ಷೇತ್ರಕ್ಕೆ ಅನುಕೂಲ. ಪಿಯುಸಿಯಲ್ಲಿ ಗಣಿತ ಓದಿದ್ದರೆ ಸಿಇಟಿ ಮೂಲಕ ಹೆಬ್ಬಾಳ ಅಥವಾ ಕಲಬುರಗಿಯ ಮಹಾಗಾಂವ್ ಡೇರಿ ವಿಜ್ಞಾನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಟೆಕ್. ಡೇರಿ ತಂತ್ರಜ್ಞಾನವನ್ನೂ ಯೋಚಿಸಿ. ಅಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಕೆಮಿಸ್ಟ್ರಿಯಲ್ಲೇ ಮುಂದುವರಿದವರಿಗೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ, ಪೈಪೋಟಿ ಹೆಚ್ಚು.

ಒಂದು ಮಾತು ನೇರವಾಗಿ ಹೇಳುತ್ತೇನೆ. “ಮದುವೆ ಗೊತ್ತಾಗುವ ತನಕ ಓದಲಿ” ಎಂದು ಸೇರಿಸುವುದಾದರೆ ಕೆಮಿಸ್ಟ್ರಿ ಬೇಡ. ಅರ್ಧಕ್ಕೆ ನಿಲ್ಲಿಸಿದರೆ ಕೈಗೆ ಏನೂ ದಕ್ಕದ ಓದು ಇದು. ಮಗನಾಗಿದ್ದರೆ ಐದು ವರ್ಷ ಓದಿಸುತ್ತಿದ್ದೆವೋ ಇಲ್ಲವೋ ಎಂದು ಮನೆಯಲ್ಲಿ ಯಜಮಾನರ ಎದುರು ಒಮ್ಮೆ ಕೇಳಿ. ಬೆಳಗಿನ ಜಾವ ಎದ್ದು ಹಾಲು ಕರೆದ ದುಡ್ಡು ಎಲ್ಲಿಗೆ ಹೋಗಬೇಕು ಎಂದು ಹೇಳುವ ಹಕ್ಕು ನಿಮಗಿದೆ.

ಅದಕ್ಕೂ ಮೊದಲು ಮಗಳನ್ನು ಕೇಳಿ. ಗೆಳತಿ ಸೇರಿದಳೆಂದು ಹೊರಟಿದ್ದಾಳೋ, ನಿಜವಾಗಿಯೂ ಇಷ್ಟವೋ? ಪರೀಕ್ಷಿಸಲು ಒಂದು ದಾರಿಯಿದೆ. ನಿಮ್ಮ ಸಂಘದ ಕಾರ್ಯದರ್ಶಿಗೆ ಮೊದಲೇ ಹೇಳಿ, ಒಂದು ವಾರ ಬೆಳಿಗ್ಗೆ ಅವಳನ್ನು ಹಾಲು ಪರೀಕ್ಷೆಯ ಮೇಜಿನ ಹತ್ತಿರ ನಿಲ್ಲಿಸಿ. ಲ್ಯಾಕ್ಟೋಮೀಟರ್ ಓದುವಾಗ ಹಾಲಿನ ಉಷ್ಣಾಂಶವನ್ನೂ ಯಾಕೆ ನೋಡುತ್ತಾರೆ ಎಂದು ಅವಳೇ ಕೇಳಿದರೆ, ಧೈರ್ಯವಾಗಿ ಅರ್ಜಿ ತುಂಬಿಸಿ.

— ಪಶುವೈದ್ಯಾಧಿಕಾರಿ