ಗೋರೆಗಾಂವ್ ಬಾಡಿಗೆ, ಹುಬ್ಬಳ್ಳಿ ಸಾಲ ಮತ್ತು ಹೊಸ ತೆರಿಗೆ

ಜನವರಿ ಬಂತೆಂದರೆ ಗೋರೆಗಾಂವ್ ಪೂರ್ವದ ಐಟಿ ಕಚೇರಿಗಳಲ್ಲಿ ಬಾಡಿಗೆ ರಸೀದಿಯದೇ ಮಾತು. ಈ ಸಲ ಜೊತೆಗೊಂದು ಪ್ರಶ್ನೆಯೂ ಕೇಳಿಬರುತ್ತಿದೆ: ‘ಹೊಸ ಕಾಯ್ದೆ ಬಂತಲ್ಲ, ಇನ್ನೂ ರಸೀದಿ ಯಾಕೆ?’

ಇಲ್ಲಿ ಎರಡು ವಿಷಯಗಳು ಕಲಸಿಹೋಗಿವೆ. ಆದಾಯ ತೆರಿಗೆ ಕಾಯ್ದೆ–2025ಕ್ಕೆ ಕಳೆದ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿ ಈ ಏಪ್ರಿಲ್ 1ರಿಂದ. 1961ರ ಕಾಯ್ದೆಯ ಜಟಿಲ ಭಾಷೆ ಸರಳವಾಗಿದೆ, ಸೆಕ್ಷನ್‌ಗಳು 536ಕ್ಕೆ ಇಳಿದಿವೆ, ‘ಹಿಂದಿನ ವರ್ಷ’, ‘ಅಸೆಸ್‌ಮೆಂಟ್ ವರ್ಷ’ ಎಂಬ ಗೊಂದಲ ಹೋಗಿ ‘ತೆರಿಗೆ ವರ್ಷ’ ಒಂದೇ ಉಳಿದಿದೆ. ನಮಗೆ ಬಾಯಿಪಾಠವಾಗಿದ್ದ 80ಸಿ ಇನ್ನು ಸೆಕ್ಷನ್ 123. ಆದರೆ ಈ ಕಾಯ್ದೆಯಿಂದ ತೆರಿಗೆ ದರ ಬದಲಾಗಿಲ್ಲ. ಈ ಮಾರ್ಚ್‌ವರೆಗಿನ ಆದಾಯಕ್ಕೆ ಜುಲೈನಲ್ಲಿ ಸಲ್ಲಿಸುವ ರಿಟರ್ನ್‌ಗೂ 1961ರ ಕಾಯ್ದೆಯೇ ಆಧಾರ.

ಜೇಬಿಗೆ ತಾಗುವುದು ಹೊಸ ‘ಪದ್ಧತಿ’. 2023–24ರಿಂದ, ನಾವಾಗಿ ಬೇಡವೆನ್ನದಿದ್ದರೆ ಅದೇ ಅನ್ವಯ. ಡಿಫಾಲ್ಟ್ ಎಂದರೇನೆಂದು ಸಾಫ್ಟ್‌ವೇರ್‌ನವರಿಗೆ ಹೇಳಬೇಕಿಲ್ಲ. ಅದನ್ನು ಮುಟ್ಟಲು ಹೆಚ್ಚಿನವರು ಹೋಗುವುದಿಲ್ಲ. ಕಳೆದ ಬಜೆಟ್ ಈ ಪದ್ಧತಿಯಲ್ಲಿ 12 ಲಕ್ಷದವರೆಗೆ, ಸಂಬಳದಾರರಿಗೆ 12.75 ಲಕ್ಷದವರೆಗೆ, ತೆರಿಗೆಯನ್ನು ಸೊನ್ನೆ ಮಾಡಿತು. ಮುಂಬೈಯ ಹೋಟೆಲುಗಳಲ್ಲಿ ಲೆಕ್ಕ ಬರೆಯುವವರು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು ಇನ್ನು ರಸೀದಿ ಹುಡುಕಬೇಕಿಲ್ಲ. ಒಳ್ಳೆಯ ನಿರ್ಧಾರ, ಅನುಮಾನವೇ ಇಲ್ಲ.

ತೊಡಕಿರುವುದು ಅದಕ್ಕಿಂತ ಮೇಲಿನವರಿಗೆ, ಅದರಲ್ಲೂ ಎರಡು ಊರಲ್ಲಿ ಮನೆ ನಡೆಸುವ ನಮ್ಮಂಥವರಿಗೆ. ನನ್ನದಕ್ಕೆ ಹತ್ತಿರದ ಒಂದು ಲೆಕ್ಕ ನೋಡಿ. ಸಂಬಳ 20 ಲಕ್ಷ. ಅದರಲ್ಲಿ ಮೂಲವೇತನ 10 ಲಕ್ಷ, ಎಚ್‌ಆರ್‌ಎ 5 ಲಕ್ಷ. ಗೋರೆಗಾಂವ್‌ನಲ್ಲಿ ತಿಂಗಳಿಗೆ 40 ಸಾವಿರ ಬಾಡಿಗೆ. ಅಪ್ಪ ಅಮ್ಮ ಇರುವ ಹುಬ್ಬಳ್ಳಿ ಮನೆಯ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ. 80ಸಿ ಒಂದೂವರೆ ಲಕ್ಷ. ಆರೋಗ್ಯ ವಿಮೆಗೆ ನಮ್ಮದು 25 ಸಾವಿರ, 60 ದಾಟಿದ ಹೆತ್ತವರದು 50 ಸಾವಿರ.

ಹೊಸ ಪದ್ಧತಿಯಲ್ಲಿ ಇದ್ಯಾವುದೂ ಲೆಕ್ಕಕ್ಕಿಲ್ಲ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿ ತೆರಿಗೆ 1,92,400 ರೂಪಾಯಿ. ಹಳೆಯದರಲ್ಲಿ ಎಚ್‌ಆರ್‌ಎ ವಿನಾಯಿತಿಯೇ 3.8 ಲಕ್ಷ, ವೃತ್ತಿ ತೆರಿಗೆ ಸಹಿತ ಎಲ್ಲ ಕಳೆದರೆ ಉಳಿಯುವ ಆದಾಯ 11,42,500, ತೆರಿಗೆ 1,61,460. ಸುಮಾರು 31 ಸಾವಿರ ಉಳಿತಾಯ. ಅದೇ ಹುಬ್ಬಳ್ಳಿ ಸಾಲ ಇಲ್ಲದಿದ್ದರೆ ಹಳೆಯದರ ತೆರಿಗೆ 2,23,860ಕ್ಕೆ ಏರುತ್ತದೆ, ಹೊಸದೇ ಲಾಭ. ಅಂದರೆ ಊರಿನ ಆ ಒಂದು ಸಾಲದ ಮೇಲೆ ಇಡೀ ತಕ್ಕಡಿ ವಾಲುತ್ತದೆ.

ಎಚ್‌ಆರ್‌ಎ ಮತ್ತು ಸಾಲದ ಬಡ್ಡಿ ಎರಡನ್ನೂ ಒಟ್ಟಿಗೆ ಕೇಳಬಹುದೇ ಎಂದು ಹಲವರು ಹೆದರುತ್ತಾರೆ. ಕೆಲಸದ ಊರು ಬೇರೆ, ಸ್ವಂತ ಮನೆಯ ಊರು ಬೇರೆ ಆಗಿದ್ದರೆ ಹಳೆಯ ಪದ್ಧತಿಯಲ್ಲಿ ಧಾರಾಳವಾಗಿ ಕೇಳಬಹುದು.

ನನಗೆ ಹಿಡಿಸದ್ದು ಇನ್ನೊಂದು. ಹುಬ್ಬಳ್ಳಿ ಮನೆಯನ್ನು ಬಾಡಿಗೆಗೆ ಕೊಟ್ಟರೆ ಹೊಸ ಪದ್ಧತಿಯಲ್ಲೂ ಬಾಡಿಗೆ ಆದಾಯದ ಮಟ್ಟಿಗೆ ಬಡ್ಡಿ ಕಳೆಯಬಹುದು. ಅದೇ ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಒಂದು ರೂಪಾಯಿಯೂ ಇಲ್ಲ. ಬಾಡಿಗೆಗೆ ತೆರಿಗೆ ಇದೆ, ಆದ್ದರಿಂದ ಕಡಿತವೂ ಇದೆ ಎಂಬ ತರ್ಕ ಸರಿಯೇ. ಆದರೆ ಹೆತ್ತವರ ಸೂರು, ಅವರ ವಿಮೆ ಎರಡನ್ನೂ ಖಾಸಗಿ ಖರ್ಚೆಂದು ಬದಿಗಿಡುವ ಪದ್ಧತಿಯನ್ನು ಸರಳೀಕರಣ ಎಂದಷ್ಟೇ ಕರೆದರೆ ಸಾಲದು.

ಕಚೇರಿಯಲ್ಲಿ ಹೊಸದಕ್ಕೆ ಟಿಕ್ ಹಾಕಿದ್ದರೂ ಗಾಬರಿ ಬೇಡ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಹಳೆಯದನ್ನು ಆರಿಸಬಹುದು, ಪ್ರತಿವರ್ಷ ಬದಲಿಸಲೂಬಹುದು. ಬಾಡಿಗೆ ಕರಾರು, ಮಾಲೀಕರ ಪ್ಯಾನ್, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಈಗಲೇ ತೆಗೆದಿಡಿ. ತಿಂಗಳ ಬಾಡಿಗೆ 50 ಸಾವಿರ ದಾಟಿದ್ದರೆ ಮಾರ್ಚ್ ಬಾಡಿಗೆ ಕೊಡುವಾಗ ವರ್ಷದ ಮೊತ್ತಕ್ಕೆ ಶೇ 2ರಷ್ಟು ಟಿಡಿಎಸ್ ಕಡಿದು ಕಟ್ಟುವ ಹೊಣೆ ಬಾಡಿಗೆದಾರರದೇ. ಯಾವ ಪದ್ಧತಿ ಆರಿಸಿದರೂ ಇದು ತಪ್ಪದು.