ನೃತ್ಯಕ್ಕೆ ರಾಜಕೀಯ ಬೇಡ ಅನ್ನೋರಿಗೆ ಕ್ಯಾಥರೀನ್ ಡನ್‌ಹ್ಯಾಮ್ ಗೊತ್ತಾ?

"ಕಲೆಗೆ ಜಾತಿ ಇಲ್ಲ, ನೃತ್ಯಕ್ಕೆ ರಾಜಕೀಯ ಅಂಟಿಸಬೇಡಿ" ಅಂತ ನಂಗೆ ಬುದ್ಧಿ ಹೇಳ್ತಿರೋ ಸಜ್ಜನರೇ, ನಿಮಗೊಬ್ಬ ಕಪ್ಪು ಹೆಣ್ಣುಮಗಳ ಪರಿಚಯ ಮಾಡಿಸ್ತೀನಿ. ಸ್ವಲ್ಪ ಉದ್ದ ಇದೆ, ಓದಿ.

ಕ್ಯಾಥರೀನ್ ಡನ್‌ಹ್ಯಾಮ್. ಹುಟ್ಟಿದ್ದು 1909ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದವರು. 1935ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಗುಲಾಮರ ಮಕ್ಕಳು ಮೊಮ್ಮಕ್ಕಳು ಜಮೈಕಾ, ಹೈಟಿಯಲ್ಲಿ ಉಳಿಸಿಕೊಂಡಿದ್ದ ಕುಣಿತಗಳನ್ನ ಅವರ ಜೊತೆ ಇದ್ದೇ ಕಲಿತ್ರು. ಬಿಳಿಯರು ಕೀಳಾಗಿ ಕಾಣ್ತಿದ್ದ ಅದೇ ಸೊಂಟ, ಅದೇ ಬೆನ್ನು, ಅದೇ ಡೋಲಿನ ಲಯ. ಅದಕ್ಕೆ ಬ್ಯಾಲೆ ಸೇರಿಸಿ ಒಂದು ಪದ್ಧತೀನೇ ಕಟ್ಟಿದ್ರು. ಇವತ್ತಿಗೂ ಅದನ್ನ ಡನ್‌ಹ್ಯಾಮ್ ಟೆಕ್ನಿಕ್ ಅಂತ ಕಲಿಸ್ತಾರೆ. ನ್ಯೂಯಾರ್ಕ್‌ನ ಅವರ ಶಾಲೆಗೆ ಮರ್ಲನ್ ಬ್ರಾಂಡೊ ಕೂಡ ಹೋಗ್ತಿದ್ದ.

ನಮ್ಮಲ್ಲೇನಾಯ್ತು? ದೇವದಾಸಿ ಮನೆಗಳ ಸದಿರ್ ಎತ್ಕೊಂಡು, ತೊಳೆದು, ಭರತನಾಟ್ಯ ಅಂತ ಹೆಸರಿಟ್ರು. ಆ ಪದ್ಧತಿ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೆಣ್ಣುಮಕ್ಕಳು ಬೀದಿಗೆ ಬಿದ್ದು ಕುಣಿತ ಮಾತ್ರ ಅಗ್ರಹಾರ ಸೇರಿದ್ದು ಹೇಗೆ ಸ್ವಾಮಿ? ಅದು ರಾಜಕೀಯ ಅಲ್ವಾ?

1944ರಲ್ಲಿ ಲೂಯಿವಿಲ್ ಊರಲ್ಲಿ ಪ್ರದರ್ಶನ. ಕರಿಯರಿಗೆ ಬೇರೆ ಸೀಟು. ಆಟ ಮುಗಿಸಿ ಡನ್‌ಹ್ಯಾಮ್ ವೇದಿಕೆ ಮೇಲಿಂದಲೇ ಹೇಳಿದ್ರು: ನಮ್ಮವರು ನಿಮ್ಮ ಪಕ್ಕ ಕೂರೋ ತನಕ ನಾನು ಇಲ್ಲಿಗೆ ಬರಲ್ಲ. 1950ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಹೋಟೆಲ್‌ನವರು ರೂಮು ಕೊಡಲಿಲ್ಲ. ಆ ಗಲಾಟೆಯಿಂದಾನೇ ಮರುವರ್ಷ ಅಲ್ಲಿ ವರ್ಣಭೇದ ವಿರೋಧಿ ಕಾಯ್ದೆ ಬಂತು.

ಆಮೇಲೆ 'ಸೌತ್‌ಲ್ಯಾಂಡ್'. ಬಿಳಿಯ ಹೆಂಗಸೊಬ್ಬಳ ಸುಳ್ಳು ಆರೋಪಕ್ಕೆ ಕಪ್ಪು ಯುವಕನನ್ನ ಗುಂಪು ನೇಣು ಹಾಕುತ್ತೆ, ಅದೇ ಕಥೆ. ಚಿಲಿಯ ಸಾಂಟಿಯಾಗೊದಲ್ಲಿ ಅದನ್ನ ಆಡಿದ್ದೇ ತಡ, ಅಮೆರಿಕ ಸರ್ಕಾರಕ್ಕೆ ಉರಿ ಹತ್ತಿತು. 1953ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಆಡಿದ್ರು, ಅಲ್ಲಿಗೆ ನಿಂತೋಯ್ತು. ಮಾರ್ಥಾ ಗ್ರಹಾಂ ತಂಡವನ್ನ ಸರ್ಕಾರಿ ದುಡ್ಡಲ್ಲಿ ಏಷ್ಯಾಕ್ಕೆ ಕಳಿಸಿದ ಅಮೆರಿಕ, ನಮ್ಮ ದೇಶಕ್ಕೂ ಕಳಿಸಿತ್ತು, ಡನ್‌ಹ್ಯಾಮ್ ತಂಡಕ್ಕೆ ಮಾತ್ರ ಬಿಡಿಗಾಸು ಕೊಡಲಿಲ್ಲ.

ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಲ್ಲಿ ಏಳು ಜನ ದಲಿತರನ್ನ ಮನೆಯೊಳಗೆ ಸುಟ್ಟರು. ಆರೋಪಿಗಳೆಲ್ಲ ಖುಲಾಸೆ. ಸಭಾಗಳ ವಿದುಷಿಯರೇ, ಅದರ ಮೇಲೆ ಯಾರು ನೃತ್ಯ ಕಟ್ಟಿದ್ರಿ? ನಾನಂತೂ ನೋಡಿಲ್ಲ. ಯಶೋದೆ ಬೆಣ್ಣೆ ಕಡೆಯೋದನ್ನ ನೂರು ಸಲ ನೋಡಿದ್ದೀನಿ.

ಹೆಸರು ಮಾಡಿದ ಮೇಲೂ ಡನ್‌ಹ್ಯಾಮ್ ಮಹಲು ಸೇರಲಿಲ್ಲ. 1967ರಲ್ಲಿ ಈಸ್ಟ್ ಸೇಂಟ್ ಲೂಯಿಸ್ ಅನ್ನೋ ಬಡ ಕಪ್ಪು ಊರಿಗೆ ಹೋಗಿ ಕಲಾ ತರಬೇತಿ ಕೇಂದ್ರ ತೆರೆದ್ರು. ಗ್ಯಾಂಗುಗಳಲ್ಲಿದ್ದ ಹುಡುಗರ ಕೈಗೆ ಡೋಲು ಕೊಟ್ರು. ಅವರ ಪರ ಪೊಲೀಸರ ಜೊತೆ ಜಗಳಕ್ಕೆ ಬಿದ್ದು ತಾವೇ ಬಂಧನಕ್ಕೊಳಗಾದ್ರು. 1992ರಲ್ಲಿ, 82ನೇ ವಯಸ್ಸಲ್ಲಿ, ಹೈಟಿಯ ನಿರಾಶ್ರಿತರನ್ನ ವಾಪಸ್ ಅಟ್ಟಬೇಡಿ ಅಂತ 47 ದಿನ ಉಪವಾಸ ಕೂತ್ರು. ಸತ್ತಿದ್ದು 2006ರಲ್ಲಿ.

ನಾನು ಗುಮಾಸ್ತ, ನನಗೆ ಕುಣಿಯಕ್ಕೆ ಬರಲ್ಲ. ಆದ್ರೆ ಕಚೇರಿಯ ರಾಜ್ಯೋತ್ಸವದ ಫೈಲು ನನ್ನ ಟೇಬಲ್ ಮೇಲೇ ಬರುತ್ತೆ. ಅದರಲ್ಲಿ ಭರತನಾಟ್ಯ ಯಾವಾಗಲೂ 'ವೇದಿಕೆ ಕಾರ್ಯಕ್ರಮ'. ತಮಟೆ ಯಾವಾಗಲೂ 'ಮೆರವಣಿಗೆ', ಸಾಮಿಯಾನ ಬಾಡಿಗೆಯ ಕೆಳಗಿನ ಸಾಲು. ನರ್ತಕಿಗೆ ಹೆಸರು, ಫೋಟೋ, ಶಾಲು. ತಮಟೆಯವರಿಗೆ 'ತಂಡ' ಅಷ್ಟೇ, ಊಟ ಕೊನೇ ಪಂಕ್ತಿ. ಈ ಸಲ ನಾನು ಟಿಪ್ಪಣಿ ಬರೆದಿದ್ದೀನಿ: ತಮಟೆ ವೇದಿಕೆ ಮೇಲೆ, ಪ್ರತಿ ಕಲಾವಿದರ ಹೆಸರು ಆಹ್ವಾನ ಪತ್ರಿಕೆಯಲ್ಲಿ, ಸಂಭಾವನೆ ಸಮ. ಫೈಲು ಮೇಲೆ ಹೋಗಿದೆ, ಇನ್ನೂ ಇಳಿದಿಲ್ಲ. ನಿಮ್ಮ ನಿಮ್ಮ ಕಚೇರಿ, ಶಾಲೆಗಳಲ್ಲಿ ಇರೋರು ಇದನ್ನೇ ಬರೆದು ಹಾಕಿ.

ಜೈ ಭೀಮ್.